ಚೆಲ್ಲೋ ಹಿಂದಿನ ಕುರ್ಚಿ

ಶಾಂಭವಿ ಕಾಲು ಅಗಲಿಸಿ ಕೂರುತ್ತಾಳೆಂದು ಶಿವಮೊಗ್ಗದ ಒಂದು ಸಂಗೀತ ಸಭೆಯವರು ಅವಳ ಕುರ್ಚಿಯನ್ನು ವೇದಿಕೆಯಿಂದ ತೆಗೆಸಿ ಚಾಪೆ ಹಾಸಿದರು.

ಅವಳದು ಚೆಲ್ಲೋ, ಪಿಟೀಲಿನ ದೊಡ್ಡಕ್ಕನಂಥ ವಾದ್ಯ. ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ಅಪ್ಪಿ ಹಿಡಿದರಷ್ಟೇ ಅದು ಮಾತಾಡುವುದು. ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಫೋನನ್ನು ಕುಕ್ಕರಿಗೆ ಒರಗಿಸಿಟ್ಟು ಆನ್‌ಲೈನ್ ಪಾಠದಲ್ಲಿ ಕಲಿತವಳು ಅವಳು. ಮೈಸೂರಿನ ಟೀಚರ್ ಮೊದಮೊದಲು ಕಮಾನು ಮುಟ್ಟಲೂ ಬಿಡದೆ ಬರೀ ಕೂರುವುದನ್ನೇ ಕಲಿಸಿದ್ದರು. ಶಾಂಭವಿ ನಾಚಿ ಮಂಡಿ ಕೂಡಿಸಿದಾಗಲೆಲ್ಲ ಫೋನಿನೊಳಗಿಂದ, "ಜಾಗ ಬಿಡಮ್ಮ, ಅದೂ ಉಸಿರಾಡಬೇಕು" ಎನ್ನುತ್ತಿದ್ದರು. ಆ ನಾಚಿಕೆ ಬಿಡಿಸಿಕೊಳ್ಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ ಪಾಠವಾಗಿತ್ತು.

ಸಭೆಯ ಕಾರ್ಯದರ್ಶಿ ಗಂಗಾಧರಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೈಕ್ ಹಿಂದೆ ಒಂದೇ ಕಡೆಗೆ ಕಾಲು ಹಾಕ್ಕೊಂಡು ಕೂರಲ್ವಾ ಮಾರಾಯ್ತಿ? ಹಂಗೇ ಚಾಪೆ ಮೇಲೆ ಕೂತು ನುಡಿಸು. ದೊಡ್ಡೋರೆಲ್ಲ ಬಂದಿದಾರೆ."

"ನಾನು ಬೈಕ್ ಓಡಿಸೋಳು ಸಾರ್, ಹಿಂದೆ ಕೂರೋಳಲ್ಲ."

ಶಾಂಭವಿ ಚಾಪೆ ಸುತ್ತಿ ಬದಿಗಿಟ್ಟಳು. ಕೆಳಗಿಳಿದು ಮುಂದಿನ ಸಾಲಿನಲ್ಲಿ ಖಾಲಿಯಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಹಾಕಿಕೊಂಡು, ಟೀಚರ್ ಕಲಿಸಿದಂತೆಯೇ ಕೂತಳು.

"ಏಳಮ್ಮ ಮೇಲೆ," ಎಂದರು ಗಂಗಾಧರಪ್ಪ.

"ಏಳಲ್ಲ ಸಾರ್," ಎಂದು ಶಾಂಭವಿ ಕಮಾನು ಎತ್ತಿಕೊಂಡಳು.