ಸಂಗವ್ವಾರು

ಫೋನ್ ರಿಂಗಾಗುತ್ತಿತ್ತು. ‘ಯಾರೂ ಎತ್ತದಿರಲಿ ದೇವರೇ’ ಎಂದು ಸಂಪದಾ ಮನಸ್ಸಿನಲ್ಲೇ ಬೇಡಿಕೊಂಡಳು. ಗ್ಯಾಸಿನವನಿಗೂ ಗಂಡನ ಕೈಯಿಂದ ಫೋನ್ ಮಾಡಿಸುವ ಹೆಂಗಸು ಅವಳು. ಅಪರಿಚಿತರ ‘ಹಲೋ’ ಕೇಳಿದರೆ ಬಾಯಿ ಒಣಗಿಹೋಗುತ್ತಿತ್ತು. ಆದರೂ ತಮ್ಮ ಕಮರಿಪೇಟೆ ಓಣಿಯ ನೀರಿಗಾಗಿ ಖಾಲಿ ಕೊಡ ಹಿಡಿದು ಪಾಲಿಕೆಯ ಮೆಟ್ಟಿಲ ಮೇಲೆ ಕೂತಿದ್ದ ಸಂಗವ್ವ ಚುನಾವಣೆಗೆ ನಿಂತಾಗ, ಸುಮ್ಮನಿರಲಾಗದೆ ಪ್ರಚಾರಕ್ಕೆ ಬಂದಿದ್ದಳು. ಬಂದವಳ ಪಾಲಿಗೆ ಸಿಕ್ಕಿದ್ದು ಈ ಫೋನು, ಮತದಾರರ ಹೆಸರು-ನಂಬರಿನ ಪಟ್ಟಿ. ಕಿವಿಗೆ ಹಚ್ಚಿಕೊಳ್ಳುವ ಧೈರ್ಯ ಸಾಲದೆ ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟಿದ್ದಳು. ಪಕ್ಕದಲ್ಲೇ ಸಂಗವ್ವ ಕರಪತ್ರ ಮಡಚುತ್ತಿದ್ದಳು.

“ಹಲೋ, ಯಾರ್ರಿ?” ಕಾಳುಕಡಿ ವ್ಯಾಪಾರಿ ಶಿವಯೋಗೀಶಪ್ಪನ ದನಿ.

“ನಾ... ನಾನು ಸಂಗವ್ವಾರ ಕಡಿಂದ ಮಾತಾಡಾಕತ್ತೇನ್ರಿ. ನಿಮ್ಮ ವೋಟು...”

“ಮಾತಿನ ಮ್ಯಾಲೆ ಸಾಲಿ ಕಲತೋರು ಕಾಣ್ತೀರಿ. ಚಾ ಆತೇನ್ರಿ? ಅಲ್ರಿ ಬಾಯಾರ, ನಮ್ಮ ಮನ್ಯಾಗ ಭಾಂಡೆ ತಿಕ್ಕಿದ ಸಂಗಿ ಅಕಿ. ಆ ಸಂಗಿಗೆ ನಾವು ವೋಟ್ ಹಾಕೂದೇನ್ರಿ?” ನಗುತ್ತಲೇ ಫೋನಿಟ್ಟ.

ತನಗೆ ಮಾತುಮಾತಿಗೂ ‘ರಿ’, ಚಹಾದ ವಿಚಾರಣೆ ಬೇರೆ. ಆಕೆಗೆ ಸಂಗಿ! ಬಾಗಿಲಿಗೆ ಬಂದ ಭಿಕ್ಷುಕನಿಗೂ ‘ಮುಂದ ಹೋಗ್ರಿ’ ಅನ್ನುವ ಊರು ಇದು. ದಿನವೂ ಎಂಜಲು ತಾಟು ತೊಳೆದವಳಿಗೆ ಕೊಡಲು ಇವನ ಬಾಯಲ್ಲಿ ಒಂದು ‘ರಿ’ ಇಲ್ಲವೇ?

“ಇರ್ಲಿ ಬಿಡ್ರಿ ಅಕ್ಕಾರ,” ಸಂಗವ್ವ ತಲೆಯೆತ್ತಲಿಲ್ಲ. “ಅವರಿಗೆ ರೂಢಿ ಆಗೇತಿ. ನನಗೂ ಆಗೇತಿ.”

ಆ ಕೊನೆಯ ಮಾತಿಗೆ ಸಂಪದಾಳ ಮೈ ಉರಿದುಹೋಯಿತು. ಅದೇ ನಂಬರು ಒತ್ತಿದಳು.

“ಸಾವಕಾರ್ರ, ವೋಟ್ ಹಾಕೂದು ಬಿಡೂದು ನಿಮ್ಮ ಮರ್ಜಿರಿ. ನಮ್ಮ ಉಮೇದವಾರರ ಹೆಸರು ಸಂಗಿ ಅಲ್ಲ. ಸಂಗವ್ವಾರು.”

“ಏನಂದ್ರಿ?”

“ಸಂಗವ್ವಾರು. ಒಮ್ಮೆ ಅಂದು ಆಮ್ಯಾಲೆ ಫೋನ್ ಇಡ್ರಿ.”

ಆ ಕಡೆಯಿಂದ ಫೋನ್ ಕಟ್ಟಾಯಿತು.

ಕರಪತ್ರ ಮಡಚುವ ಕೈ ನಿಂತಿತ್ತು. ಸಂಗವ್ವ ಕಾಗದಗಳನ್ನು ಬದಿಗಿಟ್ಟು, ಸೆರಗು ಸರಿಪಡಿಸಿಕೊಂಡು ಫೋನಿನ ಹತ್ತಿರ ಸರಿದು ಕೂತಳು.

ಸಂಪದಾ ಮತ್ತೆ ಅದೇ ನಂಬರು ಒತ್ತಿದಳು. ರಿಂಗಾಗತೊಡಗಿತು.

‘ಎತ್ತಲಿ ದೇವರೇ,’ ಎಂದು ಬೇಡಿಕೊಂಡಳು, ‘ಎತ್ತಲಿ.’