ಮೂವತ್ತೊಂದು ಟಿಕ್‌ಗಳು

ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ಅಕ್ಕ ಫೋನಿಟ್ಟ ಮೇಲೆ ಅವಳು ಮೊದಲು ಮಾಡಿದ ಕೆಲಸವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಬೆಕ್ಕಿನ ಸೂಜಿಮದ್ದಿನ ಲೆಕ್ಕದ ಹಾಳೆಯಲ್ಲಿ ಟಿಕ್ ಹಾಕಿದ್ದು. ಬೆಳಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು. ಹದಿನಾರು ದಿನಕ್ಕೆ, ಇವತ್ತಿನ ಸಂಜೆಯದೊಂದನ್ನು ಬಿಟ್ಟು, ಮೂವತ್ತೊಂದು. ಒಂದೇ ಪೆನ್ನಿನಲ್ಲಿ ಹಾಕಿದರೆ ಅಕ್ಕನ ಕಣ್ಣಿಗೆ ಬಿದ್ದೇ ಬೀಳುತ್ತದೆಂದು ನಡುನಡುವೆ ಪೆನ್ನು ಬದಲಿಸಿದಳು. ಒಂದೆರಡು ಟಿಕ್‌ಗಳನ್ನು ನಿದ್ದೆಗಣ್ಣಿನಲ್ಲಿ ಹಾಕಿದಂತೆ ಸೊಟ್ಟ ಮಾಡಿದಳು.

ಬೆಕ್ಕು ಕಾಲ ಬಳಿ ಕೂತು ನೋಡುತ್ತಿತ್ತು. ಮನೆಯೊಳಗೆ ಯಾವ ಕಾಗದ ಬಂದರೂ ತನ್ನ ರುಜು ಬೀಳದೆ ಮುಂದೆ ಹೋಗಕೂಡದೆಂಬಂತೆ ಅದರ ಮೇಲೆ ಹೋಗಿ ಕೂರುತ್ತಿತ್ತಾದ್ದರಿಂದ ಅದಕ್ಕೆ ಗುಮಾಸ್ತನೆಂದು ಹೆಸರಿಟ್ಟಿದ್ದಳು. ಗುಮಾಸ್ತನಿಗೆ ಈಗ ಸೂಜಿ ಬೇಕಿರಲಿಲ್ಲ.

ಹದಿನಾರು ದಿನದ ಹಿಂದೆ ಡಾಕ್ಟರಮ್ಮ ಹೇಳಿದ್ದಳು: "ಇನ್ಸುಲಿನ್ ನಿಲ್ಲಿಸಿಬಿಡಿ. ಕೆಲವು ಬೆಕ್ಕುಗಳಿಗೆ ಹೀಗೆ ತಾನಾಗಿ ಹತೋಟಿಗೆ ಬರುತ್ತೆ. ಕಿವಿಯ ರಕ್ತ ಮಾತ್ರ ನೋಡ್ತಾ ಇರಿ. ಈಗ ಹಳೇ ಲೆಕ್ಕದಲ್ಲಿ ಎರಡು ಯೂನಿಟ್ ಕೊಟ್ಟಿರೋ, ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಬರುತ್ತೆ." ಆಮೇಲೆ ನಕ್ಕು, "ಅಂತೂ ನಿಮಗೆ ಬಿಡುಗಡೆ" ಎಂದಿದ್ದಳು.

ಅದನ್ನು ಅವಳು ಅಕ್ಕನಿಗೆ ಹೇಳಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಕ್ಕನ ಮೊದಲ ಮಗುವನ್ನು ನೋಡಿಕೊಳ್ಳಲು ಎರಡೇ ತಿಂಗಳಿಗೆಂದು ಆ ಮನೆಗೆ ಹೋದವಳು ಹೊರಬಂದದ್ದು ಹತ್ತೊಂಬತ್ತು ವರ್ಷದ ನಂತರ. ಅಲ್ಲಿ ಅವಳನ್ನು ಯಾರೂ ಬೈದವರಲ್ಲ, ಹೊಡೆದವರಲ್ಲ. ಏನು ಬೇಕೆಂದು ಕೇಳಿದವರೂ ಇಲ್ಲ. ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ, ಒಂದು ಕೋಣೆ, ಒಂದು ಅಡುಗೆಮೂಲೆ, ಒಂದು ಬೀಗ. ಬಾವ ಲಾಂಡ್ರಿ ತೆರೆದ ದಿನದಿಂದ ಅಕ್ಕನದು ಒಂದೇ ರಾಗ: ಕೌಂಟರಿಗೆ ನಂಬಿಕೆಯ ಜನ ಬೇಕು, ಎರಡೇ ತಿಂಗಳು ಬಾ. ಅವಳದೂ ಒಂದೇ ಉತ್ತರ: ಬೆಕ್ಕಿಗೆ ಹೊತ್ತು ಹೊತ್ತಿಗೆ ಸೂಜಿ ಚುಚ್ಚಬೇಕು, ಹೊಸ ಜಾಗ ಅದಕ್ಕೆ ಆಗಿಬರುವುದಿಲ್ಲ. ವರ್ಷವಿಡೀ ಆ ಉತ್ತರ ನಿಜವಾಗಿತ್ತು.

ಅಕ್ಕ ಬಂದವಳೇ ಚಪ್ಪಲಿ ಬಿಡುತ್ತ, "ಎಲ್ಲಿ ನಿನ್ನ ಯಜಮಾನ?" ಎಂದಳು. ಗುಮಾಸ್ತನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಕಾಯಿಲೆಯವನ ಮೈ ನೋಡು, ಮದುವೆ ಗಂಡಿನ ಹಾಗಿದ್ದಾನೆ. ನೀನೇ ಸೊರಗಿದೀಯ. ಸಕ್ಕರೆ ಯಾರಿಗೆ ಬಂದಿರೋದು?"

"ಅದಕ್ಕೇ ಅಕ್ಕ."

"ಸರಿ, ಚುಚ್ಚೋದು ನಂಗೆ ಹೇಳ್ಕೊಡು. ಒಂದು ವಾರ ನಾನಿಲ್ಲೇ ಇದ್ದು ಕೈ ಪಳಗಿಸ್ಕೋತೀನಿ. ಆಮೇಲೆ ಬೆಕ್ಕನ್ನ ನಾನು ನೋಡ್ಕೋತೀನಿ, ನೀನು ಹೋಗಿ ಕೌಂಟರ್ ನೋಡ್ಕೋ. ಬಾವಂಗೂ ಹೇಳಿದೀನಿ."

ಅವಳು ತಲೆಯಾಡಿಸಿದಳು. ಆ ಮನೆಯಲ್ಲಿ ಕಲಿತ ತಲೆಯಾಡಿಕೆ ಅದು. ಕೇಳುವ ಮೊದಲೇ ಆಡುತ್ತಿತ್ತು.

ಅವಳಲ್ಲಿ ಒಂದು ಉಪಾಯವಿತ್ತು. ಹೊಸದರಲ್ಲಿ ಎಷ್ಟೋ ಸಲ ಸೂಜಿ ಚರ್ಮದ ಮಡಿಕೆಯ ಒಂದು ಕಡೆ ತೂರಿ ಇನ್ನೊಂದು ಕಡೆ ಹೊರಬಂದು, ಮದ್ದೆಲ್ಲ ಕೂದಲಿಗೆ ಹೋಗಿ, ಬೆಕ್ಕು ಆಸ್ಪತ್ರೆಯ ವಾಸನೆ ಹೊಡೆಯುತ್ತಿತ್ತು. ಆಗ ತಪ್ಪಿ ಮಾಡಿದ್ದನ್ನು ಈಗ ಬೇಕೆಂದೇ ಮಾಡುವುದು. ಆದರೆ ವಾರವಿಡೀ? ಅಷ್ಟು ದೂರಕ್ಕೆ ಅವಳ ಯೋಚನೆ ಹೋಗಿರಲಿಲ್ಲ.

ಏಳಕ್ಕೆ ಐದು ನಿಮಿಷವಿರುವಾಗ ಗುಮಾಸ್ತನಿಗೆ ಊಟ ಹಾಕಿದಳು. ಫ್ರಿಜ್ಜಿನಿಂದ ಸೀಸೆ ತೆಗೆದು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದಳು. ಎರಡು ಯೂನಿಟ್ ಗೀಟಿನವರೆಗೆ ಎಳೆದು, ಗುಳ್ಳೆ ಹೋಗಲೆಂದು ಉಗುರಿನಿಂದ ತಟ್ಟಿದಳು.

"ಕೊಡಿಲ್ಲಿ," ಎಂದು ಅಕ್ಕ ಸಿರಿಂಜು ಕಿತ್ತುಕೊಂಡಳು. "ನೋಡಿ ಕಲಿಯೋಕೆ ಇದೇನು ಸಿನಿಮಾನಾ? ಇಬ್ಬರು ಮಕ್ಕಳ ಜ್ವರ, ಗಾಯ ಎಲ್ಲ ಕಂಡ ಕೈ ಇದು."

ಆ ಮಕ್ಕಳ ಜ್ವರ ಕಂಡದ್ದು ಯಾರ ಕೈಯೆಂದು ಅವಳು ಹೇಳಲಿಲ್ಲ. ಅಕ್ಕ ಆಗಲೇ ಮಂಡಿಯೂರಿ ಹೆಗಲ ನಡುವಿನ ಚರ್ಮ ಎತ್ತಿ ಹಿಡಿದಿದ್ದಳು, ಅಚ್ಚುಕಟ್ಟಾಗಿ, ಕಲಿತವಳ ಹಾಗೆ. ಗುಮಾಸ್ತ ತಟ್ಟೆಯಿಂದ ತಲೆ ಎತ್ತಲಿಲ್ಲ. ವರ್ಷದ ಅಭ್ಯಾಸ, ಯಾರು ಚುಚ್ಚಿದರೂ ಚುಚ್ಚಿಸಿಕೊಳ್ಳುತ್ತದೆ.

ಅವಳು ತನ್ನ ಅಂಗೈಯನ್ನು ಬೆಕ್ಕಿನ ಬೆನ್ನಿಗೂ ಸೂಜಿಗೂ ನಡುವೆ ಇಟ್ಟಳು. ಸೂಜಿಯ ಮೊನೆ ಅವಳ ಹೆಬ್ಬೆರಳಿಗೆ ತಾಗಿ ನಿಂತಿತು.

"ಬೇಡ ಅಕ್ಕ. ಕೊಟ್ರೆ ಸಾಯುತ್ತೆ. ಅದಕ್ಕೀಗ ವಾಸಿಯಾಗಿದೆ."

"ಯಾವಾಗಿಂದ?"

"ಹದಿನಾರು ದಿನ ಆಯ್ತು."

ಅಕ್ಕ ಹಾಳೆಯನ್ನು ನೋಡಿದಳು. ಬೆರಳಿಟ್ಟು ಒಂದೊಂದೇ ಟಿಕ್ ದಾಟುತ್ತ ಹೋದಳು. ಬೆಕ್ಕು ತಟ್ಟೆ ನೆಕ್ಕುತ್ತಿತ್ತು. ಬೈಗುಳಕ್ಕಾಗಿ ಅವಳು ಕಾದಳು. ಬೈದರೆ ಜಗಳವಾಡಬಹುದಿತ್ತು, ಜಗಳವಾಡಿದರೆ ಹೋಗದಿರಬಹುದಿತ್ತು.

ಅಕ್ಕ ಸಿರಿಂಜಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. "ಒಳ್ಳೇದೇ ಆಯ್ತಲ್ಲ. ಇನ್ನೇನು ಅಡ್ಡಿ?"

ಅವಳು ಹುಡುಕಿದಳು. ಅಂಗಡಿ, ಬಾಡಿಗೆಯ ಕರಾರು, ಬೆಕ್ಕಿನ ಕೂದಲಿಗೆ ಬಾವನಿಗೆ ಬರುವ ಸೀನು. ಒಂದೊಂದೂ ನಾಲಿಗೆಯ ತುದಿಗೆ ಬಂತು. ಒಂದೊಂದಕ್ಕೂ ಅಕ್ಕನ ಹತ್ತಿರ ಪರಿಹಾರವಿದ್ದೇ ಇರುತ್ತದೆಂದು ಅವಳಿಗೆ ಗೊತ್ತಿತ್ತು.

"ನಂಗೆ ಇಷ್ಟ ಇಲ್ಲ," ಎಂದಳು. ಸ್ವರ ಬೇರೆ ಯಾರದೋ ಇದ್ದ ಹಾಗಿತ್ತು.

"ಅದೂ ಒಂದು ಕಾರಣಾನಾ? ಬೇರೆ ಏನಾದ್ರೂ ಇದ್ರೆ ಹೇಳು."

"ಬೇರೆ ಇಲ್ಲ."

ಅಕ್ಕ ಎದ್ದು ಮಂಚದಡಿಯಿಂದ ಅವಳ ಚೀಲ ಎಳೆದಳು. ಬೀರು ತೆಗೆದು, ಬಟ್ಟೆ ಮಡಚಿ ಚೀಲಕ್ಕೆ ಹಾಕತೊಡಗಿದಳು. ಸಿಟ್ಟಿಲ್ಲದೆ, ಮಗುವನ್ನು ಶಾಲೆಗೆ ಹೊರಡಿಸುವವಳಂತೆ. ಅವಳು ಪಕ್ಕದಲ್ಲಿ ನಿಂತು ಚೀಲದಿಂದ ಒಂದೊಂದೇ ತೆಗೆದು ಮತ್ತೆ ಬೀರುವಿನಲ್ಲಿಟ್ಟಳು. ಒಬ್ಬಳು ಹಾಕುವುದು, ಇನ್ನೊಬ್ಬಳು ತೆಗೆಯುವುದು. ಅದೇ ನೀಲಿ ಅಂಗಿ ಮೂರು ಸಲ ಒಳಗೆ ಹೋಗಿ ಮೂರು ಸಲ ಹೊರಗೆ ಬಂತು.

ನಾಲ್ಕನೆಯ ಸಲ ಅಕ್ಕ ಅದನ್ನು ಮಡಚದೆ ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಗೆ ಕೂತಳು. "ಬಾವಂಗೆ ಏನು ಹೇಳ್ಲಿ?" ಎಂದಳು.

ಅವಳು ಅಂಗಿಗಾಗಿ ಕೈ ಚಾಚಿ ನಿಂತಳು.