ಅಮ್ಮನ ಪಕ್ಕದ ಜಾಗ

ವೇಣಿ ಕೆರೆಯ ಗೇಟಿನ ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಳು. ಗೇಟು ಗಡಗಡ ಅಂದಿತೇ ಹೊರತು ಬೀಗ ಬಿಡಲಿಲ್ಲ.

“ವಾಕಿಂಗ್ ಟೈಮ್ ಮುಗದೈತ್ರಿ ಅಕ್ಕಾರ,” ಎಂದ ಕಾವಲುಗಾರ ಈರೇಶ್, ಊಟದ ಡಬ್ಬಿಯಿಂದ ತಲೆ ಎತ್ತದೆ. “ಸಂಜಿಮುಂದ ಬರ್ರಿ.”

“ವಾಕಿಂಗಿಗಲ್ಲಣ್ಣ. ನಮ್ಮಪ್ಪ ತೀರ್ಕೊಂಡಿದ್ದಾರೆ. ಒಳಗೆ ಮಣ್ಣು ಮಾಡ್ಬೇಕು.”

ಈರೇಶ್ ತುತ್ತನ್ನು ಡಬ್ಬಿಗೇ ಹಾಕಿ ಎದ್ದು ನಿಂತ. “ಕೆರಿಯೊಳಗೇನ್ರಿ?”

“ಅಗೋ, ಆ ದಿಣ್ಣೆ ಮೇಲೆ ಹೊಂಗೆ ಮರ ಇದೆಯಲ್ಲ, ಅದರ ಕೆಳಗೆ ತಗ್ಗಲ್ಲಿ ಒಂದು ಕಲ್ಲು ಕಾಣ್ತಿದ್ಯಾ? ಅದು ನಮ್ಮಮ್ಮ. ಅವಳ ಪಕ್ಕದಲ್ಲಿ ಅಪ್ಪಂಗೊಂದು ಜಾಗ ಬೇಕು. ಬೇರೇನೂ ಕೇಳ್ತಿಲ್ಲ ನಾನು.”

“ಕೀಲಿ ಐತ್ರಿ, ಹುಕುಂ ಇಲ್ಲ. ಇಂಜಿನಿಯರ್ ಮೇಡಂ ಹೂಂ ಅನಬೇಕು.”

ಅವನು ಮೇಡಂಗೆ ಫೋನು ಮಾಡಿ ಎಷ್ಟೋ ಹೊತ್ತಾಯಿತು. ವೇಣಿ ಬೇಲಿಯುದ್ದಕ್ಕೂ ಅತ್ತ ನಡೆದಳು, ಇತ್ತ ನಡೆದಳು. ಮನೆಯಲ್ಲಿ ಹೆಣ ಕಾಯುತ್ತಿದೆ, ಹೊತ್ತು ಕಾಯುವುದಿಲ್ಲ. ಬೇಲಿಯಾಚೆ ಬಿರುಕು ಬಿಟ್ಟ ಕೆರೆಯಂಗಳ. ದೂರದ ತುದಿಯಲ್ಲಿ ಮಾತ್ರ, ದಪ್ಪ ಪೈಪಿನ ಬಾಯಿ ಕೆಳಗೆ, ತಟ್ಟೆಯಲ್ಲಿ ಹೊಯ್ದಂತೆ ಒಂದಿಷ್ಟು ನೀರು ಹೊಳೆಯುತ್ತಿತ್ತು. ನಗರದ ಬಚ್ಚಲ ನೀರನ್ನು ಶುದ್ಧ ಮಾಡಿ, ಬತ್ತಿದ ಕೆರೆಗಳಿಗೆ ತುಂಬಿ, ಅದು ನೆಲಕ್ಕಿಳಿದು ಮುಂದಿನ ಪೀಳಿಗೆಯವರ ಬೋರುಗಳಿಗೆ ಒದಗಬೇಕು ಎನ್ನುವ ದೊಡ್ಡ ಯೋಜನೆ ಅದು. ನೀರು ಬಿಡತೊಡಗಿ ಒಂದು ಬೇಸಿಗೆ ಕಳೆದಿತ್ತು. ಕೆರೆ ತುಂಬಿದ ದಿನ ಅಮ್ಮನ ಕಲ್ಲೂ ಮುಳುಗುತ್ತದೆ.

ಇಂಜಿನಿಯರ್ ದೀಪಶ್ರೀ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ವೇಣಿ ಮುಂದೆ ನಿಂತಿದ್ದಳು. “ಮೇಡಂ, ಇವತ್ತೊಂದಿನ ಆ ನೀರು ನಿಲ್ಸಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಯ್ಯೋ, ಬಿಡಿ ಅಕ್ಕ. ಪಂಪಿರೋದು ಊರಾಚೆ, ನನ್ನ ಕೈಲಿಲ್ಲ.” ವಯಸ್ಸಿನಲ್ಲಿ ಸಣ್ಣವಳು. ವೇಣಿಯ ಮುಖ ನೋಡಿ ದನಿ ತಗ್ಗಿಸಿದಳು. “ನೀರಿನ್ನೂ ಆ ತುದೀಲೇ ಇದೆ ನೋಡಿ. ಈ ಕಡೆ ಒಣಗೇ ಇದೆ. ಸಂಜೆಯೊಳಗೆ ಮುಗಿಸ್ಬಿಡಿ. ಆದ್ರೆ ಆಮೇಲೆ...”

“ಆಮೇಲೆ ಇಬ್ರೂ ಒಟ್ಟಿಗೆ ಮುಳುಗ್ಲಿ ಮೇಡಂ.”

ದೀಪಶ್ರೀ ಈರೇಶನ ಕಡೆ ನೋಡಿ ತಲೆಯಾಡಿಸಿದಳು.

ಮನೆಯ ಮುಂದೆ ಶಾಮಿಯಾನದ ಅಡಿ ವೇಣಿಯ ಅಪ್ಪ ಚಿಕ್ಕಮುನಿಯಪ್ಪನನ್ನು ಕೂರಿಸಿದ್ದರು. ಬಿದಿರಿಗೆ ಕಟ್ಟಿದ ಕುರ್ಚಿ, ಗದ್ದಕ್ಕೊಂದು ಬಟ್ಟೆ, ಕೊರಳ ತುಂಬ ಚೆಂಡುಹೂವು. ಭಜನೆಯವರು ಬೆಳಗಿನಿಂದ ಹಾಡಿ ಗಂಟಲು ಕಟ್ಟಿ, ಹಾರ್ಮೋನಿಯಂ ಒಂದೇ ಉಸಿರೆಳೆಯುತ್ತಿತ್ತು. ಸೆಕೆಂಡ್ ಶಿಫ್ಟಿಗೆ ಹೋಗಬೇಕಾದವರು ಕೂತಲ್ಲಿಂದಲೇ ಮೊಬೈಲಿನಲ್ಲಿ ಹೊತ್ತು ನೋಡಿಕೊಳ್ಳುತ್ತಿದ್ದರು.

“ಎಲ್ಲೋಗಿದ್ದೆ? ಎಣ ಎಷ್ಟೊತ್ತು ಕೂರುಸ್ಕಂಡಿರಾನ?” ಎಂದ ಅಪ್ಪನ ತಮ್ಮ ಮುನಿಯಣ್ಣ. “ಬಿಸ್ಲು ನೋಡು. ಕರೆಂಟು ಒಲೆ ಐತೆ, ಬಟನ್ ಒತ್ತುದ್ರೆ ಮುಗೀತು.”

“ನಮ್ಮ ಮನೇಲಿ ಯಾರನ್ನ ಸುಟ್ಟಿದ್ದಾರೆ ಚಿಕ್ಕಪ್ಪ? ಕೆರೆಗೇ ಹೋಗೋದು. ಮೇಡಂ ಹೂಂ ಅಂದ್ರು.”

“ಆ ಗಲೀಜು ನೀರ್ನಾಗಾ?”

“ಬುಡಪ್ಪ, ಅವನಿಗ್ಯಾವ ನೀರಾದ್ರೇನು,” ಎಂದಳು ಪಕ್ಕದ ಮನೆಯ ಸೊಣ್ಣಮ್ಮ ಎಲೆಗೆ ಸುಣ್ಣ ಸವರುತ್ತ. “ನೀರುಗಂಟಿ ಮನ್ಯಾಗುಟ್ಟಿ, ಇರೋ ಬರೋ ನೀರೆಲ್ಲ ಟ್ಯಾಂಕರಿಗೆ ತುಂಬುಸ್ದೋನು. ದೇವ್ರು ಕೆರೆ ಕಾಯೋ ಅಂತ ಕೂರ್ಸುದ್ರೆ, ಕೆರೇನೇ ಈರ್ಬುಟ್ಟ!”

ಒಂದಿಬ್ಬರು ನಕ್ಕು, ಹೆಣದ ಕಡೆ ನೋಡಿ ನುಂಗಿಕೊಂಡರು.

“ಸೊಣ್ಣಮ್ಮತ್ತೆ, ನಿಮ್ಮನೆ ಮದುವೆಗೂ ಟ್ಯಾಂಕರ್ ಕಳ್ಸಿದ್ದು ಇವರೇ,” ಎಂದಳು ವೇಣಿ. “ಏಳ್ರಪ್ಪ, ಹೆಗಲು ಕೊಡಿ.”

*

ಆ ಮನೆತನದವರು ತಲೆತಲಾಂತರದಿಂದ ನೀರುಗಂಟಿಗಳು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಅಂತ ನೀರು ಬಿಡುವವರು. ಚಿಕ್ಕಮುನಿಯಪ್ಪನ ಪಾಲಿಗೆ ಆ ಹೆಸರು ಬಂತು, ನೀರು ಬರಲಿಲ್ಲ. ಮೇಲಿನ ಕಾಲುವೆಗಳ ಮೇಲೆ ಬಡಾವಣೆಗಳೆದ್ದವು. ಗದ್ದೆಗಳು ಗಾಜಿನ ಕಟ್ಟಡಗಳಾದವು. ಅವನು ಬದುಕಿನಲ್ಲಿ ಒಮ್ಮೆಯೂ ತೂಬು ಎತ್ತಲಿಲ್ಲ. ಕೆರೆಯಂಚಿಗೆ ಯಾರೋ ಬೋರು ಕೊರೆಸಿ ಟ್ಯಾಂಕರ್ ವ್ಯಾಪಾರ ಇಟ್ಟಾಗ, ಅಲ್ಲಿ ಪೈಪು ಹಿಡಿಯುವ ಕೆಲಸಕ್ಕೆ ಸೇರಿಕೊಂಡ.

ದಿನಾ ತೊಡೆಯವರೆಗೆ ನೆಂದ ಪ್ಯಾಂಟಿನಲ್ಲಿ ಮನೆಗೆ ಬರುತ್ತಿದ್ದ. ಹೆಂಡತಿ ಪಿಳ್ಳಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು.

“ಒಳೀಕ್ ಬರ್ಬ್ಯಾಡ. ಓಗು, ಕರಿಬೇವಿನ ಗಿಡದ ತಾವ ನಿಂತ್ಕಂಡು ಇಂಡು. ಊರಿಗೆಲ್ಲ ನೀರು ತುಂಬೋನ ಮನೇಗೆ ಅದೇ ನಮ್ ಪಾಲು.”

“ಒಂದು ಕೊಡ ತರ್ಬೌದಿತ್ತು ಕಣೆ. ಓನರ್ರು ನೋಡಿದ್ರೆ...”

“ಪ್ಯಾಂಟು ಇಂಡೋದು ಕಲ್ತಿದ್ದೀಯಲ್ಲ, ಸಾಕು.”

ಅವನು ಗಿಡದ ಬುಡದಲ್ಲಿ ನಿಂತು ಸಾವಧಾನವಾಗಿ, ಒಂದು ಹನಿಯೂ ಆಚೆ ಬೀಳದಂತೆ ಹಿಂಡುತ್ತಿದ್ದ. ಶಾಲೆಯ ಚೀಲ ತಗುಲಿಸಿಕೊಂಡ ವೇಣಿ ನೋಡಿ ನಗುತ್ತಿದ್ದಳು. ಆ ಕರಿಬೇವಿನ ಸೊಪ್ಪು ಕೇರಿಗೆಲ್ಲ ಹಂಚುವಷ್ಟು ಬೆಳೆಯಿತು.

ಬೋರು ಒಂದು ಬೇಸಿಗೆಯಲ್ಲಿ ಕೆಮ್ಮಿತು. ಇನ್ನಷ್ಟು ಆಳ ಇಳಿಸಿದರು. ಕೊನೆಗೊಂದು ಬೆಳಿಗ್ಗೆ ಪೈಪಿನಿಂದ ಬರೀ ಗಾಳಿ ಬಂತು. ಅಂದು ಒಣಗಿದ ಪ್ಯಾಂಟಿನಲ್ಲಿ ಮನೆಗೆ ಬಂದವನು ಅಭ್ಯಾಸದಂತೆ ಗಿಡದ ಹತ್ತಿರವೇ ಹೋಗಿ ಸುಮ್ಮನೆ ನಿಂತ.

ಕಾಮಾಲೆಯಾಗಿ ಮಲಗಿದಾಗ ಅವಳು ಮಗಳ ಕೈ ಹಿಡಿದು ಹೇಳಿದ್ದಿಷ್ಟು: “ಇದ್ದಷ್ಟು ದಿನ ನಿಮ್ಮಪ್ಪ ಆ ಪೈಪಿನ ಪಕ್ಕ. ಸತ್ ಮ್ಯಾಲಾದ್ರೂ ನನ್ ಪಕ್ಕ ಇರ್ಲಿ. ನೀನೇ ತಂದು ಕೂರುಸ್ಬೇಕು ಕಣೆ. ಮಾತ್ ಕೊಡು.”

ವೇಣಿ ಮಾತು ಕೊಟ್ಟಿದ್ದಳು. ಬತ್ತಿದ ಕೆರೆಯಂಗಳವೇ ಆಗ ಊರಿನ ಮಸಣ; ಪಿಳ್ಳಮ್ಮನನ್ನು ಅಲ್ಲೇ ಮಣ್ಣು ಮಾಡಿದರು.

*

ಆಮೇಲೆ ಒಂದು ದಿನ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಅಧಿಕಾರಿಗಳು ಗೋಡೆಗೆ ದೊಡ್ಡ ನಕ್ಷೆ ಅಂಟಿಸಿ, ಊರಿಗೆ ಇನ್ನು ಎಷ್ಟು ಜನ ಬರುತ್ತಾರೆ, ನದಿ ನೀರೊಂದನ್ನೇ ನೆಚ್ಚಿಕೊಂಡರೆ ಯಾಕೆ ಸಾಲದು, ಎಲ್ಲ ವಿವರಿಸಿದರು. ಕೆರೆ ಇದ್ದಲ್ಲಿ ನೀಲಿ ಬಳಿದಿತ್ತು. ಜನ ಎದ್ದು ಕೂಗಾಡಿದರು: ವಾಸನೆ ಬರುತ್ತೆ, ಸೊಳ್ಳೆ ಬರುತ್ತೆ, ನಮ್ಮ ಮಸಣ ಮುಳುಗುತ್ತೆ.

ಚಿಕ್ಕಮುನಿಯಪ್ಪ ನಕ್ಷೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನಿಂತ. “ಸಾಮಿ, ನಮ್ ಪಿಳ್ಳಮ್ಮ ಎಲ್ಲಿ ಬತ್ತಾಳೆ ಇದ್ರಾಗೆ?”

ಅಧಿಕಾರಿಗೆ ಅರ್ಥವಾಗಲಿಲ್ಲ. ಹೊಂಗೆ ಮರ, ಕಲ್ಲು ಎಂದು ಹೇಳಿಸಿಕೊಂಡು ಅವರು ಬೆರಳಿಟ್ಟದ್ದು ನೀಲಿಯ ಮೇಲೆ.

ಅವನು ಆ ಬೆರಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಸಭೆಯ ಕಡೆ ತಿರುಗದೆಯೇ ಹೇಳಿದ: “ನೀರು ಬರ್ಲಿ ಬುಡಿ.”

ದಾರಿಯುದ್ದಕ್ಕೂ ವೇಣಿ ಜಗಳವಾಡಿದಳು. “ಅಮ್ಮನ ಮೇಲೆ ಊರೋರ ಕಕ್ಕಸ್ ನೀರು ಬಿಡುಸ್ತೀಯಾ? ನಾನು ಕೊಟ್ಟ ಮಾತು ಏನಾಗ್ಬೇಕು?”

“ತೊಳ್ದೇ ಬುಡ್ತಾರಂತೆ. ಮಿಕ್ಕಿದ್ದು ಭೂಮ್ತಾಯಿ ಸೋಸ್ತಾಳೆ ಕಣವ್ವ.”

“ನಿನಗೆ ಅಮ್ಮಂಗಿಂತ ನೀರೇ ಹೆಚ್ಚು ಅಪ್ಪ. ಯಾವಾಗ್ಲೂ ಅಷ್ಟೇ.”

ನೀರು ಬಿಡಲು ಶುರುವಾದ ಮೇಲೆ ಅವನು ದಿನವೂ ಬೇಲಿಯ ಹತ್ತಿರ ಹೋಗಿ ನಿಂತು ಬರುತ್ತಿದ್ದ. ಒಂದು ದಿನವೂ ವೇಣಿ ಜೊತೆಗೆ ಹೋಗಲಿಲ್ಲ. ಅವನೂ ಕರೆಯಲಿಲ್ಲ.

*

ಮೆರವಣಿಗೆ ಟೆಕ್ ಪಾರ್ಕಿನ ಹಿಂದಿನ ರಸ್ತೆಯಲ್ಲಿ ಸಿಕ್ಕಿಕೊಂಡಿತು. ಎದುರಿಗೆ ಟ್ಯಾಂಕರು, ಹಿಂದೆ ಕ್ಯಾಬುಗಳು, ಕಿವಿ ತೂತಾಗುವಂಥ ಹಾರನ್ನು. ಹೆಗಲು ಕೊಟ್ಟವರು ಕಾಲು ಬದಲಿಸುತ್ತ ಬೈದುಕೊಂಡರು. “ಹಿಂದಕ್ ಹಾಕೋ ಗುರು, ಹೆಣ ಕಾಣ್ಸಲ್ವಾ?” ಕುರ್ಚಿಯಲ್ಲಿ ಚಿಕ್ಕಮುನಿಯಪ್ಪ ಸಣ್ಣಗೆ ತೂಗುತ್ತಿದ್ದ. ವೇಣಿ ಮುಂದೋಡಿ, ಟ್ಯಾಂಕರಿನ ಬಾಗಿಲು ಬಡಿದು, ದಾರಿ ಬಿಡಿಸಿದಳು.

ಗೇಟು ತೆರೆದಿತ್ತು. ಗುಂಡಿ ತೋಡುವವನು ಕುಡಿದು ಎಲ್ಲೋ ಬಿದ್ದಿದ್ದಾನೆ ಎಂದು ಗೊತ್ತಾದಾಗ ಮುನಿಯಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಈರೇಶ್ ಯೂನಿಫಾರಂ ಅಂಗಿ ಬಿಚ್ಚಿ ಬೇಲಿಗೆ ತಗುಲಿಸಿದ.

“ಕೊಡ್ರಿ ಇಲ್ಲೆ ಸಲಿಕಿ. ನಮ್ಮೂರಾಗ ತೋಡೀನಿ ನಾ.”

ಕುರ್ಚಿಯನ್ನು ಹೊಂಗೆ ಮರದ ನೆರಳಿಗೆ, ಬೇಲಿಯ ಕಡೆ ಮುಖವಾಗಿ ಇಳಿಸಿದರು. ಅಮ್ಮನ ಕಲ್ಲಿನಿಂದ ಮೊಳದಾಚೆ ವೇಣಿಯೇ ಗೆರೆ ಎಳೆದಳು. ಮೇಲಿನ ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು. ಸೊಂಟದಾಳ ಹೋಗುವಷ್ಟರಲ್ಲಿ ಅದರ ಬಣ್ಣ ಕಪ್ಪಾಯಿತು. ಈರೇಶ್ ಸಲಿಕೆ ನಿಲ್ಲಿಸಿ ಕಾಲು ಎತ್ತಿ ನೋಡಿದ. ಹೆಜ್ಜೆ ಇದ್ದ ಕಡೆ ಹೊಳೆಯುತ್ತಿತ್ತು.

“ಅಕ್ಕಾರ, ಹಸಿ ಐತ್ರಿ.”

“ತೋಡಣ್ಣ. ಏನಾಗಲ್ಲ.”

ಇನ್ನೆರಡು ಸಲಿಕೆ ಎತ್ತಿದ. ಗುಂಡಿಯ ಗೋಡೆಯಿಂದ, ಅಮ್ಮನ ಕಡೆಯ ಗೋಡೆಯಿಂದಲೇ, ಬೆವರಿನಂತೆ ನೀರು ಒಸರಿ ಕೆಳಗಿಳಿಯಿತು. ತಳದಲ್ಲಿ ಪಾದ ಮುಳುಗಿತು.

ಮುನಿಯಣ್ಣ ಬಕೀಟು ಇಳಿಬಿಟ್ಟು ಮೊಗೆದ. ಮೊಗೆದಷ್ಟೂ ಬಂತು. ವೇಣಿ ಇನ್ನೊಂದು ಬಕೀಟು ಕಸಿದುಕೊಂಡು, ಸೆರಗು ಸಿಕ್ಕಿಸಿ, ಮಂಡಿಯೂರಿ ತಾನೂ ಮೊಗೆದಳು. ಎತ್ತಿ ಚೆಲ್ಲಿದಳು, ಮತ್ತೆ ಎತ್ತಿ ಚೆಲ್ಲಿದಳು. ನೀರು ಈರೇಶನ ಮೊಣಕಾಲಿಗೆ ಬಂತು.

ದೀಪಶ್ರೀ ಅಂಚಿಗೆ ಬಂದು ಬಗ್ಗಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಕ್ಕ, ಇದು ಆ ತುದಿಯಿಂದ ಮೇಲೆ ಹರಿದು ಬಂದಿದ್ದಲ್ಲ. ಅಲ್ಲಿ ಇಂಗಿದ್ದು ಇಲ್ಲಿ ಕೆಳಗಿಂದ ಏಳ್ತಿದೆ. ಮೊಗೆದ್ರೆ ಮುಗಿಯಲ್ಲ.”

“ಎಲ್ಲಿ, ಎಲ್ಲಿ?” ಎಂದು ಸೊಣ್ಣಮ್ಮ ಜನರನ್ನು ತಳ್ಳಿಕೊಂಡು ಬಂದಳು. ಬಕೀಟಿಗೆ ಬೆರಳದ್ದಿ ಮೂಸಿದಳು. ಇನ್ನೊಮ್ಮೆ ಮೂಸಿದಳು. “ವಾಸ್ನೆ ಇಲ್ಲ ಕಣ್ರೋ! ಬಾವಿ ನೀರು ಇದ್ದಂಗೈತೆ!”

ಅಷ್ಟೇ ಸಾಕಾಯಿತು. ಹೆಣದ ಸುತ್ತ ಇದ್ದವರೆಲ್ಲ ಗುಂಡಿಯ ಸುತ್ತ ಸೇರಿದರು. ಒಬ್ಬ ಫೋನು ಮೇಲೆತ್ತಿದ. ಹಾರ್ಮೋನಿಯಂನವನೂ ಪೆಟ್ಟಿಗೆ ನೆಲಕ್ಕಿಟ್ಟು ಬಂದ. “ಸೊಂಟದುದ್ದಕ್ಕೇ ನೀರಲ್ಲೋ ಮಗಾ!” “ಇನ್ಮುಂದೆ ನಮ್ಮ ಬೋರೂ...” ದನಿಗಳು ಜಾತ್ರೆಯಂತೆ ಏರಿದವು.

ವೇಣಿ ಎದ್ದು ನಿಂತಳು. ಕೆಸರಿನ ಕೈ. ಕೂಗಿ ಎಲ್ಲರನ್ನೂ ಓಡಿಸಬೇಕೆಂದು ಬಾಯಿ ತೆರೆದವಳಿಗೆ ಹೊಂಗೆಯಡಿ ಅಪ್ಪ ಕಂಡ. ಯಾರೂ ಇಲ್ಲದೆ, ಬೇಲಿಯಾಚೆಯ ಗಾಜಿನ ಕಟ್ಟಡಕ್ಕೆ ಮುಖ ಕೊಟ್ಟು ಕೂತಿದ್ದ.

ಅವಳು ಬಕೀಟು ಕೆಳಗಿಟ್ಟಳು.

“ಚಿಕ್ಕಪ್ಪ, ಸಾಕು ಮೊಗೆದಿದ್ದು. ದಿಣ್ಣೆ ಮೇಲೆ, ಮರದ ಪಕ್ಕ ತೋಡ್ಸಿ.”

“ಪಿಳ್ಳಮ್ಮತ್ತಿಗೆಗೆ ನೀನ್ ಕೊಟ್ಟ ಮಾತು?”

“ಅಮ್ಮಂಗೆ ನಾನು ಹೇಳ್ಕೋತೀನಿ.”

ಅವಳು ಮರದಡಿಗೆ ಹೋಗಿ ಕುರ್ಚಿಯ ಬಿದಿರಿಗೆ ಕೈಹಾಕಿದಳು. ಒಬ್ಬಳಿಂದ ಅಲುಗಲಿಲ್ಲ. ಗುಂಡಿಯಿಂದ ಹತ್ತಿ ಬಂದ ಈರೇಶ್, ಮೊಣಕಾಲಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ, ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ, ತಲೆ ವಾಲದಂತೆ ನಿಧಾನವಾಗಿ, ಚಿಕ್ಕಮುನಿಯಪ್ಪನನ್ನು ನೀರಿನ ಕಡೆಗೆ ತಿರುಗಿಸಿದರು.

ಗುಂಡಿಯ ಸುತ್ತ ನಿಂತಿದ್ದವರಲ್ಲಿ ಯಾರೋ ತಿರುಗಿ ನೋಡಿದರು. ಯಾರೂ ಹೇಳದೆಯೇ ಜನ ಆಚೀಚೆ ಸರಿದು, ಅವನಿಗೆ ಕಾಣುವಷ್ಟು ಜಾಗ ಬಿಟ್ಟರು.